ಐದು ಸಲ ಓದಿದ ಪುಸ್ತಕ

ಶಾಲೆಯ ಲೈಬ್ರರಿ
ಸೆಪ್ಟೆಂಬರ್ ೧೨, ಗುರುವಾರ

ಪ್ರೀತಿಯ ಸೂಜಿ,

ಮಧ್ಯದಲ್ಲಿ ಕೋಪ ಬಂದರೂ ಹರಿದು ಹಾಕಬೇಡ, ಕೊನೆಯವರೆಗೆ ಓದು. ನಾನು ನಿನ್ನ ಗೂಬೆ. ದಪ್ಪ ಕನ್ನಡಕ ಹಾಕಿಕೊಂಡು ಶಾಲೆಯ ಲೈಬ್ರರಿಯಲ್ಲಿ ಕೂತಿರುವವಳು. ನೀನು ಇಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಹದಿನಾರು ವರ್ಷ ಒಂದೇ ಬೆಂಚಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದೇವೆ. ನಿನಗೆ ನೆನಪು ಕೈಕೊಡುತ್ತಿದೆ, ಆದರೆ ಓದು ಬರಹಕ್ಕೇನೂ ತೊಂದರೆಯಿಲ್ಲ ಎಂದು ನಿನ್ನ ತಂಗಿ ಹೇಳಿದಳು. ಅದಕ್ಕೇ ಈ ಪೀಠಿಕೆ.

ಹೋದ ವರ್ಷ ನನ್ನ ತಲೆಗೊಂದು ಹುಳ ಹೊಕ್ಕಿತು. ಮಕ್ಕಳಿಗೆ ಓದಿ ಓದಿ ಎಂದು ಬಾಯಿ ಬಡಿದುಕೊಳ್ಳುವ ನಾವು ಉತ್ತರಪತ್ರಿಕೆ ಬಿಟ್ಟರೆ ಇನ್ನೇನೂ ಓದುವುದಿಲ್ಲವಲ್ಲ; ಟೀಚರುಗಳು, ಆಯಾ, ವ್ಯಾನ್ ಡ್ರೈವರ್ ಎಲ್ಲರೂ ಬರೀ ಖುಷಿಗಾಗಿ ಓದಲಿ ಎಂದು. ಹೆಡ್‌ಮಿಸ್ ಒಪ್ಪಿದರು. ಸ್ಟಾಫ್‌ರೂಮಿನಲ್ಲಿ ನೀರಿನ ಫಿಲ್ಟರ್ ಪಕ್ಕ ಎಲ್ಲರ ಹೆಸರಿನ ಚಾರ್ಟ್ ಅಂಟಿಸಿದೆ. ಒಂದು ಪುಸ್ತಕ ಓದಿದರೆ ಒಂದು ಬೆಳ್ಳಿ ನಕ್ಷತ್ರ. ಓದಿದ್ದನ್ನೇ ಮತ್ತೆ ಓದಿದರೆ ಇಲ್ಲ. ಆ ನಿಯಮ ಮಾಡಿದವಳೂ ನಾನೇ.

ಆಮೇಲೆ ನಡೆದದ್ದು ದೊಡ್ಡ ತಮಾಷೆ. ಡ್ರಿಲ್ ಮಾಸ್ತರರು ಒಂದನೇ ಕ್ಲಾಸಿನ ಚಿತ್ರಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಒಂದೇ ವಾರದಲ್ಲಿ ಒಂಬತ್ತು ನಕ್ಷತ್ರ ಹೊಡೆದರು. ಗಣಿತದ ಮೇಡಂ ಮುನ್ನುಡಿ ಮಾತ್ರ ಓದಿ ವಾಪಸ್ ಕೊಡುತ್ತಿದ್ದರು. ನೀನು ಮಾತ್ರ ಬಂದರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಅಕ್ಕತಂಗಿಯರ ಆ ಕಾದಂಬರಿ ಒಯ್ದೆ. ಹಿಂದಿರುಗಿಸುವಾಗ ಕೌಂಟರಿಗೆ ಒರಗಿ ನಿಂತು ಅರ್ಧ ಗಂಟೆ ಕಥೆ ಹೇಳಿದೆ. ತಂಗಿ ಅಂಗಡಿ ಬಿಟ್ಟು ಹೋಗುವ ಜಾಗಕ್ಕೆ ಬಂದಾಗ ನಿನ್ನ ಕಣ್ಣು ತುಂಬಿತ್ತು.

ಮುಂದಿನ ತಿಂಗಳೂ ಅದನ್ನೇ ಒಯ್ದೆ. ಅದೇ ಕಥೆ ಹೇಳಿದೆ, ಅದೇ ಜಾಗದಲ್ಲಿ ಕಣ್ಣು ತುಂಬಿಕೊಂಡೆ. ನನ್ನ ನಿಯಮವನ್ನು ಅಣಕಿಸಲು ನಾಟಕ ಆಡುತ್ತಿದ್ದೀಯ ಎಂದುಕೊಂಡೆ. ಮೂರನೆಯ ಸಲ, ನಾಲ್ಕನೆಯ ಸಲ ನೀನು ಹೇಳುತ್ತಿದ್ದಾಗ ನಾನು ಸೀಲು ಒತ್ತುತ್ತಾ ಹೂಂಗುಟ್ಟಿದೆ, ಅಷ್ಟೆ. ನಿನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಐದನೆಯ ಸಲ ನೀನು ಲೈಬ್ರರಿ ರಿಜಿಸ್ಟರಿನಲ್ಲಿ ಆ ಪುಸ್ತಕಕ್ಕೆ ಸಹಿ ಹಾಕಿದ ವಾರ ಸ್ಟಾಫ್ ಮೀಟಿಂಗ್ ಇತ್ತು. ರಿಜಿಸ್ಟರ್ ಹಿಡಿದುಕೊಂಡು ಎಲ್ಲರೆದುರು ಎದ್ದು ನಿಂತು, ನಮ್ಮ ಸೂಜಿ ಮೇಡಂ ಆ ಪುಸ್ತಕಾನ ಬಾಯಿಪಾಠ ಮಾಡ್ತಿದ್ದಾರೆ, ಐದು ಸಲ ತಗೊಂಡ್ರೂ ಒಂದೇ ನಕ್ಷತ್ರ ಅಂತ ನಾನೇ ಹೇಳಿದೆ. ಸ್ಟಾಫ್‌ರೂಮ್ ಘೊಳ್ಳೆಂದಿತು. ಡ್ರಿಲ್ ಮಾಸ್ತರರು ಮೇಜು ಕುಟ್ಟಿ ನಕ್ಕರು. ನೀನು ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ನನ್ನ ಕೈಯಿಂದ ರಿಜಿಸ್ಟರ್ ತೆಗೆದುಕೊಂಡು ನಿನ್ನ ಐದೂ ಸಹಿಗಳ ಮೇಲೆ ಬೆರಳಾಡಿಸಿದೆ. ಆಮೇಲೆ ಬಹಳ ಮೆಲ್ಲಗೆ, ನಾನು ಇದನ್ನ ಮೊದಲೇ ಓದಿದ್ದೀನಾ ಅಂತ ನನ್ನನ್ನೇ ಕೇಳಿದೆ.

ನಗು ಒಬ್ಬೊಬ್ಬರದಾಗಿ ನಿಂತಿತು. ನಿನ್ನ ಕಾಯಿಲೆ ನಿನಗೆ ಗೊತ್ತಾದದ್ದು ಡಾಕ್ಟರ ಬಾಯಿಂದಲ್ಲ ಸೂಜಿ, ನನ್ನ ಕುಚೋದ್ಯದಿಂದ. ಎರಡು ತಿಂಗಳಲ್ಲಿ ನೀನು ಕೆಲಸ ಬಿಟ್ಟೆ. ಬೀಳ್ಕೊಡುವ ದಿನ ನಿನ್ನೆದುರು ನಿಲ್ಲುವ ಧೈರ್ಯವಾಗದೆ ನಾನು ಲೈಬ್ರರಿಯ ಬಾಗಿಲು ಹಾಕಿಕೊಂಡು ಕೂತಿದ್ದೆ.

ಚಾರ್ಟ್ ಕಿತ್ತು ಹಾಕಿದ್ದೇನೆ. ಇಪ್ಪತ್ತೆರಡು ಜನರಲ್ಲಿ ನಿಜವಾಗಿ ಖುಷಿಗಾಗಿ ಓದಿದವಳು ನೀನೊಬ್ಬಳೇ. ಅದಕ್ಕಾಗಿಯೇ ನಿನ್ನನ್ನು ಎಲ್ಲರೆದುರು ನಗೆಪಾಟಲು ಮಾಡಿದೆ. ನನಗೆ ನೀನು ಬೇಕು ಕಣೇ. ಬೆಂಚಿನ ನಿನ್ನ ಜಾಗದಲ್ಲಿ ಈಗ ಯಾರ ಯಾರದೋ ಬ್ಯಾಗ್ ಇರುತ್ತದೆ, ನನಗೆ ಡಬ್ಬಿ ಬಿಚ್ಚಲು ಮನಸ್ಸೇ ಬರುವುದಿಲ್ಲ. ಕ್ಷಮಿಸಿದ್ದೇನೆ ಎಂದು ಒಂದೇ ಒಂದು ಸಾಲು ಬರೆ.

ನಿನ್ನ
ಗೂಬೆ

ವಿ.ಸೂ.: ಇದು ನಾಲ್ಕನೆಯ ಪತ್ರ. ಹಿಂದಿನ ಮೂರರಲ್ಲೂ ಇದನ್ನೇ ಬರೆದಿದ್ದೆ, ಮೂರಕ್ಕೂ ಕ್ಷಮಿಸಿದ್ದೇನೆ ಎಂದು ನಿನ್ನ ಉತ್ತರ ಬಂತು. ನನ್ನ ಸಂಕಟಕ್ಕೆ ಅದು ಸಾಲಲಿಲ್ಲ. ಮೇಲಿನದನ್ನು ಬರೆದು ಸಹಿ ಹಾಕುವಷ್ಟರಲ್ಲಿ ನಿನ್ನ ತಂಗಿ ಫೋನ್ ಮಾಡಿದಳು. ಆ ಮೂರೂ ಪತ್ರ ನಿನ್ನ ದಿಂಬಿನ ಪಕ್ಕದಲ್ಲೇ ಇವೆಯಂತೆ. ದಿನಾ ಬೆಳಿಗ್ಗೆ ತೆಗೆದು ಓದುತ್ತೀಯಂತೆ, ಎಲ್ಲರೂ ನಿನ್ನನ್ನು ನೋಡಿ ನಕ್ಕಿದ್ದು ಆಗಷ್ಟೇ ಗೊತ್ತಾದವಳ ಹಾಗೆ ದಿನಾ ಅಳುತ್ತೀಯಂತೆ. ಅವನ್ನು ನಿನ್ನ ಕೈಗೆ ಸಿಗದಂತೆ ಎತ್ತಿಡಲು ಹೇಳಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಆ ಕಾದಂಬರಿ ತೆಗೆದುಕೊಂಡು ಬರುತ್ತೇನೆ. ಯಾರು ಎಂದು ಕೇಳಿದರೆ, ಲೈಬ್ರರಿಯವಳು ಎಂದಷ್ಟೇ ಹೇಳುತ್ತೇನೆ.