ಪಂಕಜ ನಡೆದ ದಿನ

ಸಾರಕ್ಕಿ, ೧೯೬೪

ರೀ,

ಮಗಳು ನಡೆದ ದಿನ ತಪ್ಪದೆ ಕಾಗದ ಬರಿ ಅಂತ ಹೇಳಿ ಗಡಿಗೆ ಹೋದ್ರಿ. ಪಂಕಜ ಇವತ್ತು ನಡೆದಳು. ಆದ್ರೆ ಈ ಕಾಗದ ನಿಮಗೆ ಕಳಿಸಲ್ಲ.

ಪಂಕಜ ಹುಟ್ಟಿದಾಗ ಹೆರಿಗೆ ನೋವಿಗೆ ಅಂತ ಮಿಲಿಟರಿ ಆಸ್ಪತ್ರೇಲಿ ಕೊಟ್ಟ ಅಫೀಮಿನ ಮಾತ್ರೆ ಬಿಡೋಕೆ ನನ್ನ ಕೈಲಿ ಆಗಿಲ್ಲ. ಹೊಲಿಗೆ ಇನ್ನೂ ನೋಯ್ತಿದೆ ಅಂತ ಸುಳ್ಳು ಹೇಳಿ ತರ್ತಾನೇ ಇದೀನಿ. ಇವತ್ತು ಹೊಸ ಡಾಕ್ಟರು ಇದ್ರು. ಹಳೇ ಚೀಟಿ ಕಳೆದೋಯ್ತು ಅಂದೆ.

"ಹೆರಿಗೆಯಾಗಿ ಎಷ್ಟು ದಿನ ಆಯ್ತಮ್ಮ?"

"ಒಂದು ತಿಂಗಳು ಸಾರ್."

ಅಷ್ಟರಲ್ಲಿ ಪಂಕಜ ನನ್ನ ಸೆರಗು ಬಿಟ್ಟು, ನಾಲ್ಕು ಹೆಜ್ಜೆ ಹಾಕಿ, ಅವರ ಮೇಜು ಹಿಡ್ಕೊಂಡಳು. ಡಾಕ್ಟರು ಬರೆಯೋದು ನಿಲ್ಸಿ, "ಇದು ಯಾರ ಮಗು?" ಅಂದ್ರು.

"ನಮ್ಮಕ್ಕಂದು ಸಾರ್" ಅಂದೆ.

ಪಂಕಜ ತಿರುಗಿ, ನಗ್ತಾ, "ಅಮ್ಮ" ಅಂತ ನನ್ನ ಕಡೆ ಕೈ ಚಾಚಿದಳು.