ನಿಮ್ಮಣ್ಣನನ್ನು ಹುಡುಕಲು ಹೊರಟಿದ್ದೇನೆ

ಯಶೋದಾ,

ದೇವಸ್ಥಾನದಿಂದ ಬಂದವಳೇ ಮೊದಲು ಇದನ್ನು ಓದು. ನಿಮ್ಮಣ್ಣ ಮನೆಯಲ್ಲಿಲ್ಲ. ಪಕ್ಕದ ಮನೆಯವರು ದೀಪಾವಳಿಗೆ ತಂದ ಪಟಾಕಿಯನ್ನು ಇವತ್ತೇ ಹಚ್ಚಿದರು. ಬರ್ಮಾದ ಯುದ್ಧದಿಂದ ಬಂದು ವರ್ಷವಾದರೂ ಅಲ್ಲಿನ ಗುಂಡಿನ ಸದ್ದು ಅವರನ್ನು ಬಿಟ್ಟಿಲ್ಲ. "ಎಲ್ಲಾರೂ ಮಲಗ್ಬಿಡ್ರೋ!" ಎಂದು ಕೂಗುತ್ತ ಬರಿಗಾಲಲ್ಲೇ ಹಿತ್ತಲಿನಿಂದ ಓಡಿದರು. ಹಾಲಿನ ವೆಂಕಟಮ್ಮ ಅವರನ್ನು ಹಲಸೂರು ಕೆರೆಯ ಕಡೆ ಕಂಡಳಂತೆ. ನಾನು ಅಲ್ಲಿಗೇ ಹೊರಟೆ.

ಪಕ್ಷಿ ಸಂಘದವರು ಸಭೆಗೆಂದು ಇನ್ನೇನು ಬಂದುಬಿಡುತ್ತಾರೆ. ಉಪ್ಪಿಟ್ಟು ಒಲೆಯ ಪಕ್ಕದಲ್ಲಿದೆ, ಆದರೆ ಯಾರನ್ನೂ ಕೂರಿಸಬೇಡ. ಮಾನ ಹೋಗುತ್ತದೆಂದು ವಿಷಯ ಬಚ್ಚಿಡಲೂ ಬೇಡ. ನೀನು ಹಾಗೆ ಮಾಡುವವಳೇ. ಸಂಘದ ಹಿರಿಯರಾದ ಸನಾವುಲ್ಲಾ ಸಾಹೇಬರಿಗೆ ನಿಜ ಹೇಳು. ಜೊಂಡಿನೊಳಗಿನ ಬಾತುಗಳನ್ನು ಪತ್ತೆಹಚ್ಚುವ ಕಣ್ಣು ಅವರದು. ಇವತ್ತು ದುರ್ಬೀನು ಹಿಡಿದು ನಿಮ್ಮಣ್ಣನನ್ನು ಹುಡುಕಿಕೊಡಲಿ. ಯಾರೂ ಕೂಗಬಾರದು, ಓಡಬಾರದು. ಹಕ್ಕಿಯ ಹತ್ತಿರ ಹೋಗುವ ಹಾಗೆ ಹೋಗಲಿ.

ನೀನು ಮಾತ್ರ ಮನೆ ಬಿಟ್ಟು ಕದಲಬೇಡ, ನನ್ನವ್ವ. ಅವರೇ ಬಂದರೆ ಏನೂ ಕೇಳದೆ ಪಕ್ಕದಲ್ಲಿ ಕೂತಿರು. ಅವರು ಬಂದ ಗುರುತಿಗೆ ನನ್ನ ಕೆಂಪು ಸೀರೆಯನ್ನು ಮಾಳಿಗೆಯ ಮೇಲೆ ಹರಡು, ಕೆರೆಯ ದಂಡೆಗೆ ಕಾಣುತ್ತದೆ. ಅದು ಕಾಣುವವರೆಗೂ, ಇಲ್ಲವೇ ಅವರು ಸಿಗುವವರೆಗೂ, ನಾನು ಕೆರೆ ಬಿಟ್ಟು ಬರುವುದಿಲ್ಲ.

ನಿನ್ನ ಅತ್ತಿಗೆ