ಇಂಚಿನ ಗುರುತಿನ ಆಚೆ

ಪಂಚಮಿಯವರೇ,

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ. ಒಂದು ಓರೆಗೆರೆ ಇಲ್ಲದ್ದಕ್ಕೆ ಕಳೆದದ್ದು: ಗೋಣಿಬೀಡಿನ ಗೌಡ್ರಿಗೆ ಬಿಟ್ಟಿ ಕೊಟ್ಟ ಪಂಪ್ ಸ್ಟಾರ್ಟರ್, ನನ್ನ ತಂಗಿ ಮಗಳು ಧನ್ಯಶ್ರೀಯ ಒಂದು ಭಾನುವಾರ, ಮತ್ತೆ ನೀವು.

ಬಣಕಲ್ಲಿನ ನನ್ನ ಪಂಪ್‌ಸೆಟ್ ಅಂಗಡಿಯ ಮಳೆ ಸಂದೇಶ ನೆನಪಿರಬೇಕು. ಕಾಫಿ ಹೂ ಅರಳಿಸುವ ಹೂಮಳೆ ಎಲ್ಲಿ ಬೀಳಲಿಲ್ಲವೋ ಅಲ್ಲಿ ಸ್ಪ್ರಿಂಕ್ಲರ್ ಬಾಡಿಗೆಗೆ ಹೋಗುತ್ತದೆ. ಅದಕ್ಕೇ ತೋಟದವರೆಲ್ಲ ಮಳೆಯ ಅಳತೆಯನ್ನು ಮೊಬೈಲಿನಿಂದ ಅಂಗಡಿಯ ಕಂಪ್ಯೂಟರಿಗೆ ಕಳಿಸಲಿ ಎಂದಿದ್ದೆ. ಕಳಸದಿಂದ ನಿಮ್ಮದೂ ಬರುತ್ತಿತ್ತು. ಬರೀ ಅಂಕಿ. ನಿಮ್ಮ ತೋಟಕ್ಕೆ ಪಂಪ್ ರಿಪೇರಿಗೆ ಬಂದಾಗಲೆಲ್ಲ ವಾಷರ್ ಬಗ್ಗೆ ಗಂಟೆಗಟ್ಟಲೆ ಕೊರೆದು, ಹೇಳಬೇಕಾದ್ದನ್ನು ಹೇಳದೆ ಹಿಂತಿರುಗುತ್ತಿದ್ದವನು ನಾನು. ಪರದೆಯ ಮೇಲೆ ನಿಮ್ಮ ಅಂಕಿ ಕಂಡ ದಿನ ಅಂಗಡಿ ಮುಚ್ಚುವುದು ತಡವಾಗುತ್ತಿತ್ತು.

ಈ ಮಾರ್ಚಿನಲ್ಲಿ ಚನ್ನಕೇಶವ ಗೌಡ್ರು ಅಂಗಡಿಗೇ ನುಗ್ಗಿದರು. “ಮಳೆ ಅಳತೆ ಜೊತೆಗೇ ‘ಸ್ಟಾರ್ಟರ್ ಸುಟ್ಟಿದೆ’ ಅಂತ ಎಷ್ಟು ಸಲ ಬರೀಲಿ ಮಾರಾಯ? ಪ್ರತಿ ಸಲಾನೂ ‘ತಲುಪಿದೆ, ವಂದನೆಗಳು’ ಅಂತೀಯಲ್ಲ!”

ಆ ವಂದನೆ ಯಂತ್ರದ್ದು. ಪ್ರೋಗ್ರಾಂ ಬರೆದುಕೊಟ್ಟ ಧನ್ಯಶ್ರೀಯನ್ನೇ ಕೂರಿಸಿದೆ. ಸಂದೇಶ ಹಿಡಿಯುವ ಪ್ರೋಗ್ರಾಂ ಒಂದು ಕಂಪ್ಯೂಟರ್ ಭಾಷೆಯದಂತೆ, ಪರದೆಗೆ ಹಾಕುವುದು ಇನ್ನೊಂದರದು. ಇಂಚಿಗೆ ನಾವು ಹಾಕುವ ಜೋಡಿ ಗೀಟು ಕಂಡೊಡನೆ, ಮಾತು ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತದೆ ಆ ಎರಡನೆಯದು.

“ದಾಟಿಸೋವಾಗ ಗೀಟಿನ ಮುಂಚೆ ಹೀಗೊಂದು ಓರೆಗೆರೆ ಹಾಕ್ಬೇಕಿತ್ತು ಮಾವ,” ಎಂದು \" ಬರೆದು ತೋರಿಸಿದಳು. “ಇದೂ ಮಾತಿನೊಳಗಿನ್ದೇ, ನಿಲ್ಲಬೇಡ ಅಂತ. ನಾನು ಹಾಕಿಲ್ಲ. ಅದಕ್ಕೇ ಅದು ಗೀಟಿನ ಆಚೆ ಇದ್ದದ್ದನ್ನೆಲ್ಲ ಬಿಸಾಡಿದೆ.”

ಮೊದಲ ಪ್ರೋಗ್ರಾಂನಲ್ಲಿ ಎಲ್ಲವೂ ಪೂರ್ತಿ ಇತ್ತು. ನಿಮ್ಮವೂ.

1.10" ಇನ್ನೊಂದು ವಾರಕ್ಕೆ ಹೂವು. ನೋಡಕ್ಕೆ ಬನ್ನಿ.

0.60" ಪಂಪ್ ಸರಿ ಇದೆ ಮಾರಾಯ್ರೆ. ಸುಮ್ನೆ ಬಂದ್ರೂ ಆಗುತ್ತೆ.

0.25" ತೋಟ ಕೊಟ್ಟಾಯ್ತು. ಬರಲ್ಲ ಅಂತಾದ್ರೂ ಹೇಳ್ಬಹುದಿತ್ತು.

ಮೂರಕ್ಕೂ ವಂದನೆಗಳು ಹೋಗಿವೆ. ಅದನ್ನು ಓದಿದಾಗ ನಿಮ್ಮ ಮುಖ ಹೇಗಿತ್ತೋ ಎಂದು ನೆನೆಯುತ್ತಲೇ ಇದ್ದೇನೆ.

ತೋಟ ಕೊಂಡವರು ಸಾಗರದ ನಿಮ್ಮ ಅಕ್ಕನ ಮನೆ ವಿಳಾಸ ಕೊಟ್ಟರು. ನಡುವೆ ಯಾವ ಯಂತ್ರವೂ ಬೇಡವೆಂದು ಕೈಯಲ್ಲೇ ಬರೆಯುತ್ತಿದ್ದೇನೆ. ಆ ಹೂವಿಗೆ ಬರಲಾಗಲಿಲ್ಲ. ಈಗ ಬರಲೇ? ಬೇಡವೆಂದರೂ ಸರಿ, ಆ ಮಾತು ನನಗೆ ಪೂರ್ತಿ ತಲುಪುತ್ತದೆ. ಎಲ್ಲಿದ್ದರೂ ನಿಮಗೆ ಹೊತ್ತಿಗೆ ಸರಿಯಾಗಿ ಮಳೆ ಬೀಳಲಿ.

ಕೊನೆಗೆ ಯಾರಿಗೆ ಏನು ಸಿಕ್ಕಿತು? ಗೌಡ್ರಿಗೆ ಸ್ಟಾರ್ಟರ್. ಯಂತ್ರಕ್ಕೆ ಓರೆಗೆರೆ. ನನಗೆ ನಿಮ್ಮ ಮೂರು ಸಾಲು. ನಿಮಗೆ, ಇಷ್ಟು ತಡವಾಗಿ, ಈ ಉತ್ತರ.

ಸುಮ್ಮನೆ ಬರಲು ಕಾದಿರುವ,
ಜಯಪ್ರಕಾಶ್